ನಾನು ಕೊಡದ ಮಗಳು

ಎವುವಾ ದ್ವೀಪ, ಟೊಂಗಾ
ಜನವರಿ ಹದಿನೇಳು

ಇಸಿಲೆಲಿ,

‘ಪ್ರೀತಿಯ’ ಎಂದು ಬರೆಯಲು ಪೆನ್ನು ಊರಿದೆ, ಕೈ ಮುಂದಕ್ಕೆ ಹೋಗಲಿಲ್ಲ. ಬರೀ ಹೆಸರನ್ನೇ ಇಟ್ಟುಕೋ. ನಾನಿಲ್ಲಿ ಕ್ಷೇಮ, ನೀನು ಕ್ಷೇಮವೇ ಎಂದು ಕೇಳುವ ಮನಸ್ಸೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಚೆರ್ರಿ ಹಣ್ಣು ಕೀಳುವವನಿಗೆ ಹೆಚ್ಚೆಂದರೆ ಬೆನ್ನು ನೋಯುತ್ತದೆ. ನೋಯಲಿ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳಬೇಡ. ಊರಿಗೆ ಬಂದ ದಿನವೇ ಫೋನ್ ಮಾಡಿದೆ. ನೀನು ನಕ್ಕೆ. “ಅಯ್ಯೋ, ಇದಕ್ಕೆ ಇಷ್ಟೊಂದಾ? ಮಗು ಎಲ್ಲಿಗ್ ಹೋಗಿದೆ, ಮೂರನೇ ಮನೇಲಿದೆ” ಅಂದೆ. ಮರುದಿನ ಮಾಡಿದಾಗ ನೀನು ಫೋನನ್ನು ಸ್ಪೀಕರಿಗೆ ಹಾಕಿದೆ. ನಿನ್ನ ಕೋಣೆಯ ಗಂಡಸರೆಲ್ಲ “ಟೀಚರ್, ಚೆನ್ನಾಗಿದೀರಾ?” ಎಂದು ಕೂಗಿದರು. ಅಷ್ಟು ಜನರ ಕಿವಿಗೆ ನಾನು ಮನೆಯ ಮಾತು ಹಾಕಲಾರೆ ಎಂದು ನಿನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ನೀನು ಎತ್ತಲೇ ಇಲ್ಲ. ಈ ಕಾಗದ ನನ್ನ ಚಿಕ್ಕಪ್ಪನ ಮಗ ಫೊಲಾವು ಕೈಯಲ್ಲಿ ಬರುತ್ತಿದೆ. ಅವನಿಗೂ ನಿಮ್ಮ ತೋಟದಲ್ಲೇ ಕೆಲಸ ಸಿಕ್ಕಿದೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರು ಎಂದು ಹೇಳಿ ಕಳಿಸಿದ್ದೇನೆ. ಅವನ ಮೈಕಟ್ಟು ನಿನಗೆ ಗೊತ್ತಲ್ಲ. ನಿಂತಿರುತ್ತಾನೆ.

ಮೊದಲಿಂದ ಹೇಳುತ್ತೇನೆ. ನೀನು ಅರ್ಧ ಕೇಳಿ ಎದ್ದು ಹೋಗುವವನು, ಈ ಸಲ ಪೂರ್ತಿ ಕೇಳು.

ಚಂಡಮಾರುತ ನಮ್ಮ ಮನೆಯ ತಗಡನ್ನೆಲ್ಲ ಹಾರಿಸಿಕೊಂಡು ಹೋದ ಮೇಲೆ ದೂರದ ನೌರು ದ್ವೀಪದ ಶಾಲೆಯಿಂದ ಪಾಠ ಹೇಳಲು ಕರೆ ಬಂತು. ಬೇಡ ಅಂದವಳು ನಾನು. ಹೋಗು ಅಂದವನು ನೀನು. ನನ್ನ ತಾಯಿಯ ಎದುರು ಕೂತು, “ಒಂದು ವರ್ಷ ತಾನೆ ಅತ್ತೆ? ಕಣ್ಮುಚ್ಚಿ ತೆರೆಯೋದ್ರಲ್ಲಿ ಕಳೆದುಹೋಗುತ್ತೆ. ಮಕ್ಕಳಿಬ್ರೂ ನನ್ನ ಜವಾಬ್ದಾರಿ” ಎಂದೆ. ಆಗ ಮಾಲಿಯಾಳಿಗೆ ಹತ್ತು ವರ್ಷ, ಹೇಲಾಲಳಿಗೆ ಮೂರು. ನಾನು ಹಡಗು ಹತ್ತುವಾಗ ಹೇಲಾಲ ನಿನ್ನ ಹೆಗಲ ಮೇಲಿದ್ದಳು, ನನ್ನ ಕೂದಲ ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೊಲ್ಲದೆ ಅಳುತ್ತಿದ್ದಳು. ಕ್ಲಿಪ್ಪು ಅವಳಿಗೇ ಬಿಟ್ಟು ಹೋದೆ.

ನೌರುವಿನಲ್ಲಿ ನನ್ನದು ಎರಡನೇ ತರಗತಿ. ಬಿಸಿಲಿಗೆ ಸುಟ್ಟ ಬಿಳಿ ಕಲ್ಲು, ಟ್ಯಾಂಕರಿನಲ್ಲಿ ಬರುವ ನೀರು, ಒಂದೇ ಒಂದು ರಸ್ತೆ. ದೂರುವುದಿಲ್ಲ, ಮಕ್ಕಳು ಒಳ್ಳೆಯವು. ಯಾರದೋ ಮಗಳ ಕೈ ಹಿಡಿದು ‘ಅಮ್ಮ’ ಎಂದು ತಿದ್ದಿಸುವಾಗಲೆಲ್ಲ ನನ್ನ ಮಗಳು ಏನು ಮಾಡುತ್ತಿರಬಹುದು ಎಂದುಕೊಳ್ಳುತ್ತಿದ್ದೆ. ಭಾನುವಾರ ನಿನಗೆ ವೀಡಿಯೋ ಕರೆ ಮಾಡುತ್ತಿದ್ದೆ. ಆಗಸ್ಟಿನ ನಂತರ ಹೇಲಾಲ ಕಂಡಾಗಲೆಲ್ಲ ಅವಳ ಹಿಂದೆ ಒಂದು ಹಳದಿ ಪರದೆ ಇರುತ್ತಿತ್ತು. “ಪರದೆ ಹೊಸದಾ?” ಎಂದು ಕೇಳಿದೆ. “ಹೂಂ, ಅಕ್ಕ ಕೊಟ್ಟಿದ್ದು” ಎಂದೆ ನೀನು. ಎಷ್ಟು ಸಲೀಸಾಗಿ ಹೇಳಿದೆ! ಆ ಪರದೆ ನಿನ್ನಕ್ಕನ ಮನೆಯದು, ಅವಳ ಕಿಟಕಿಯಲ್ಲೇ ನೇತಾಡುತ್ತಿತ್ತು. ನನ್ನ ಮಗು ಅದರ ಮುಂದೆ ಕೂತಿತ್ತು. ನನ್ನ ಕರೆ ಬರುವ ಹೊತ್ತಿಗೆ ನೀನು ಆ ಮನೆಗೆ ಹೋಗಿ ಜಗಲಿಯಿಂದ ಫೋನ್ ಹಿಡಿಯುತ್ತಿದ್ದೆ.

ಡಿಸೆಂಬರಿನಲ್ಲಿ ಶಾಲೆ ಮುಗಿಯಿತು. ಫಿಜಿಯಲ್ಲಿ ವಿಮಾನ ಬದಲಿಸಿ, ನುಕುಅಲೋಫಾದಲ್ಲಿ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದೆ. ಧಕ್ಕೆಯಲ್ಲಿ ಅಮ್ಮ ಇದ್ದಳು, ಮಾಲಿಯಾ ಇದ್ದಳು, ಅರ್ಧ ಊರೇ ಇತ್ತು. ನೀನಿರಲಿಲ್ಲ. “ಅಪ್ಪ ಎಲ್ಲಿ?” ಎಂದರೆ ಮಾಲಿಯಾ ಕಾಲ ಹೆಬ್ಬೆರಳಲ್ಲಿ ಮರಳು ಕೆದರುತ್ತ ನಿಂತಳು. ನೀನು ಆಸ್ಟ್ರೇಲಿಯಾಕ್ಕೆ ಹೋಗಿ ಆಗಲೇ ಎರಡು ವಾರವಾಗಿತ್ತಂತೆ. ಹಿಂದಿನ ಭಾನುವಾರ ನನ್ನೊಡನೆ ಮಾತಾಡಿದಾಗ ನೀನು ಮಲಗಿದ್ದ ಮಂಚ ಹಣ್ಣಿನ ತೋಟದ್ದು! “ಬಾ ಬಾ, ನಿನಗಾಗಿ ಹಂದಿ ಸಾಕಿದೀನಿ” ಎಂದು ಆ ಮಂಚದ ಮೇಲಿಂದಲೇ ಹೇಳಿದ್ದೆಯಲ್ಲ, ನಾಚಿಕೆಯಾಗಲಿಲ್ಲವಾ?

ಅಷ್ಟರಲ್ಲಿ ಹೇಲಾಲಳನ್ನು ಸೊಂಟದ ಮೇಲಿಟ್ಟುಕೊಂಡು ನಿನ್ನಕ್ಕ ಅನಸೇನಿ ಬಂದರು. ಮಗುವಿಗೆ ಹೊಸ ಅಂಗಿ, ಕಿವಿಯ ಹಿಂದೆ ಹೂವು. ನಾನು ಕೈ ಚಾಚಿದೆ. ಅವಳು ಅವರ ಕುತ್ತಿಗೆಯಲ್ಲಿ ಮುಖ ಹುದುಗಿಸಿ, “ಅಮ್ಮಾ, ಈ ಟೀಚರ್ ಯಾಕೆ ನನ್ನ ಕರೀತಾರೆ?” ಎಂದಳು.

ಅಮ್ಮಾ ಎಂದದ್ದು ಅವರನ್ನು.

ನಾನು ಅಳಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ನಡೆದೆ. ಮನೆಯ ತಗಡು ಫಳಫಳ ಹೊಳೆಯುತ್ತಿತ್ತು, ಮೊಳೆಗಳನ್ನು ನೀನು ಸಾಲಾಗಿ ಚೆಂದ ಹೊಡೆಸಿದ್ದೆ. ಒಳಗೆ ಹೇಲಾಲಳ ಒಂದು ಚಪ್ಪಲಿಯೂ ಇರಲಿಲ್ಲ. “ಎಲ್ಲ ಅತ್ತೆ ಮನೇಲಿದೆ ಅಮ್ಮ” ಎಂದಳು ಮಾಲಿಯಾ. “ಅವಳೀಗ ಅತ್ತೆ ಮಗಳು. ಚರ್ಚಲ್ಲಿ ಹೇಳಿದ್ರು. ನಿಂಗೆ ಗೊತ್ತಿದೆ ಅಂದಿದ್ರು ಅಪ್ಪ.” ನನಗೆ ಗೊತ್ತಿಲ್ಲ ಎಂದು ಆ ಹುಡುಗಿಗೆ ನನ್ನ ಮುಖ ನೋಡಿದ ಮೇಲೇ ಗೊತ್ತಾದದ್ದು. ಆಗ ಅವಳು ಅತ್ತಳು. ನಿನ್ನ ಸುಳ್ಳಿಗೆ ಹನ್ನೊಂದು ವರ್ಷದ ಮಗು ನನ್ನ ಮುಂದೆ ತಪ್ಪಿತಸ್ಥಳ ಹಾಗೆ ನಿಂತಿತು, ಇಸಿಲೆಲಿ. ಉಳಿದದ್ದನ್ನೆಲ್ಲ ಎಂದಾದರೂ ಮರೆತೇನು, ಇದನ್ನು ಮರೆಯಲಾರೆ.

ಬಂದವರೆಲ್ಲ ನೌರು ಹೇಗಿತ್ತು ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಹಂದಿ ಬೆಂದಿತೇ ನೋಡಲು ಎದ್ದು ಹೋದರು. ಹೇಲಾಲಳ ವಿಷಯ ಎತ್ತಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, “ಅತ್ತೆ ಹತ್ರ ತಾನೆ ಇದಾಳೆ, ಬೇರೆ ಯಾರ ಹತ್ರ?” ನನ್ನ ಹೆತ್ತ ತಾಯಿಯೂ ಅದನ್ನೇ ಹೇಳಿದಳು. “ನಿನ್ನನ್ನೂ ಮೂರು ವರ್ಷ ನನ್ನ ಅಕ್ಕ ಸಾಕಿದ್ಲು, ನೀನೇನು ಸವೆದು ಹೋದ್ಯಾ? ಗಂಡನ ಅಕ್ಕನ ಎದುರು ನಾಲಿಗೆ ಉದ್ದ ಮಾಡ್ಬೇಡ. ಮನೇಲಿ ಸಾವಾದ್ರೆ ಹೆಣದ ತಲೆದೆಸೇಲಿ ಕೂರೋ ದೊಡ್ಡ ಸ್ಥಾನ ಅವಳದು.” ಪದ್ಧತಿ ನನಗೂ ಗೊತ್ತು. ತಂದೆಯ ಅಕ್ಕ ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ. ಮಗು ಕೊಡುವುದು, ತೆಗೆದುಕೊಳ್ಳುವುದು ನಮ್ಮಲ್ಲಿ ಹೊಸತೂ ಅಲ್ಲ. ಆದರೆ ಕೊಡುವವರು ಕೊಡುತ್ತಾರೆ. ನನ್ನದನ್ನು ನಾನಿಲ್ಲದಾಗ ಎತ್ತಿಕೊಟ್ಟರೆ ಅದಕ್ಕೆ ಬೇರೆ ಹೆಸರಿದೆ.

ಕ್ರಿಸ್‌ಮಸ್ ಹಲ್ಲು ಕಚ್ಚಿ ಕಳೆದೆ. ದಿನಾ ಬೆಳಿಗ್ಗೆ ನಿನ್ನಕ್ಕನ ಅಂಗಳದ ಮುಂದೆ ಹಾದು ಹೋಗುವುದು, ಹೇಲಾಲ ಕೋಳಿಗೆ ಕೊಬ್ಬರಿ ತುರಿ ಹಾಕುವುದನ್ನು ಬೇಲಿಯಾಚೆಯಿಂದ ನೋಡುವುದು, ಬರುವುದು. ಹೊಸ ವರ್ಷದ ಪ್ರಾರ್ಥನಾ ವಾರ ಬಂತು. ಬುಧವಾರದ ಊಟ ನಮ್ಮ ಕೇರಿಯದು. ಟಾರ್ಪಾಲಿನ ಕೆಳಗೆ ಉದ್ದಕ್ಕೂ ಮೇಜು ಜೋಡಿಸಿ ಗೆಣಸು, ಹಂದಿ, ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನ ಹಾಲಲ್ಲಿ ಬೇಯಿಸಿದ ಮಾಂಸ ಎಲ್ಲ ಬಡಿಸಿದ್ದರು. ಊಟದ ನಡುವೆ ಪಾದ್ರಿಗಳು ಎದ್ದು ನಿಂತರು.

“ನಮ್ಮ ಕಲೋಲೈನೆ ಈ ವರ್ಷ ಎರಡು ದಾನ ಮಾಡಿದಾಳೆ” ಎಂದರು. “ವಿದ್ಯೆನ ಪರದೇಶದ ಮಕ್ಕಳಿಗೆ ಕೊಟ್ಲು. ಹೊಟ್ಟೇಲಿ ಹುಟ್ಟಿದ್ದನ್ನ ಗಂಡನೂ ಇಲ್ಲದ, ಮಕ್ಕಳೂ ಇಲ್ಲದ ಅತ್ತಿಗೆಗೆ ಕೊಟ್ಲು. ಇಂಥ ಹೆಣ್ಣು ಊರಿಗೊಬ್ಬಳು ಇದ್ರೆ ಸಾಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಗಳಿಸಿಕೊಂಡವರು ಎದ್ದು ಕಣ್ಣೀರು ಹಾಕಿ ಧನ್ಯವಾದ ಹೇಳುವುದು ರೂಢಿ. ನಾನು ಎದ್ದೆ.

“ಮೊದಲನೇದು ದಾನ ಅಲ್ಲ ಪಾದ್ರಿಗಳೇ, ಸಂಬಳಕ್ಕೆ ಮಾಡಿದ ಕೆಲಸ. ಎರಡನೇದು ನಾನು ಕೊಟ್ಟಿಲ್ಲ” ಎಂದೆ.

ಅಮ್ಮ ನನ್ನ ಲಂಗ ಹಿಡಿದು ಜಗ್ಗಿದಳು, “ಕೂತ್ಕೊಳೇ! ಮಾನ ಕಳೀಬೇಡ, ಕೂತ್ಕೋ!” ನಾನು ಕೂರಲಿಲ್ಲ. “ನನ್ನ ಕೇಳಿಲ್ಲ. ನಂಗೆ ಹೇಳಿಲ್ಲ. ಹಡಗಿನಿಂದ ಇಳಿದಾಗ ಗೊತ್ತಾಯ್ತು” ಎಂದೆ. ಇನ್ನೂ ಹೇಳುವವಳಿದ್ದೆ, ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೀರ್ತನೆ ಎತ್ತಿದರು. ನಮ್ಮಲ್ಲಿ ಬಾಯಿ ಮುಚ್ಚಿಸಬೇಕಾದರೆ ಗದರುವುದಿಲ್ಲವಲ್ಲ, ಹಾಡುತ್ತಾರೆ. ಇಡೀ ಟಾರ್ಪಾಲು ಏರುದನಿ ಇಳಿದನಿ ಸೇರಿಸಿ ನಾಲ್ಕು ಶ್ರುತಿಯಲ್ಲಿ ದೇವರನ್ನು ಕೊಂಡಾಡಿತು. ನಾನು ನಿಂತೇ ಇದ್ದೆ. ನಿನ್ನಕ್ಕ ಮಾತ್ರ ಹಾಡಲಿಲ್ಲ. ಮೇಜಿನ ತುದಿಯಿಂದ ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಎಂದುಕೊಂಡೆ. ಅದು ಸಿಟ್ಟಲ್ಲ ಎಂದು ಮರುದಿನ ತಿಳಿಯಿತು.

ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಜೊತೆಗೆ ಬಡಿಯುವ ಊರ ಹೆಂಗಸರು ಯಾರೂ ಬಂದಿರಲಿಲ್ಲ, ಅವರೊಬ್ಬರೇ ಹಿತ್ತಲಲ್ಲಿ ಮರದ ದಿಮ್ಮಿಯ ಮುಂದೆ ಕೂತು ಬಟ್ಟೆ ಮಾಡಲು ತೊಗಟೆ ಬಡಿಯುತ್ತಿದ್ದರು. ತಲೆ ಎತ್ತದೆಯೇ, “ಬಂದ್ಯಾ? ಆ ತುದಿ ಹಿಡಿ, ಮಡಚಿಕೊಳ್ಳುತ್ತೆ” ಎಂದರು. ಹಿಡಿದೆ. ಜಗಳಕ್ಕೆಂದು ಹೋದವಳು ತೊಗಟೆಯ ತುದಿ ಹಿಡಿದು ಕೂತೆ. ಅವರು ಬಡಿದರು, ಬಡಿದರು, ಆಮೇಲೆ ಕೇಳಿದರು.

“ನೀನು ಕೊಟ್ಟಿಲ್ಲ ಅಂದೆಯಲ್ಲ, ಹಂಗಂದ್ರೆ ಏನು?”

“ಹಂಗಂದ್ರೆ ಹಂಗೇ ಅಕ್ಕ. ನೀವು ಕೇಳಿದ್ರಿ, ಅವನು ಕೊಟ್ಟ. ನಾನೆಲ್ಲಿದ್ದೆ?”

“ನಾನು ಕೇಳಿದ್ನಾ?” ಕೊಡತಿ ನಿಂತಿತು. “ಯಾರೇ ಹೇಳಿದ್ದು ನಾನು ಕೇಳ್ದೆ ಅಂತ?”

ಆಗ ಎಲ್ಲ ಹೊರಬಂತು. ಆಗಸ್ಟಿನಲ್ಲಿ ಹೇಲಾಲಳಿಗೆ ಡೆಂಗಿ ಜ್ವರ ಬಂದದ್ದು. ಸಂಜೆ ನೀನು ಮಂಪರು ತರುವ ಕಾವಾ ಬೇರಿನ ರಸ ಕುಡಿಯಲು ಕೂತಲ್ಲಿಂದ ಏಳದೆ ಇದ್ದದ್ದು. ಮಗುವಿನ ಮೂಗಲ್ಲಿ ರಕ್ತ ಕಂಡು ಮಾಲಿಯಾ ನಿನ್ನನ್ನು ಕರೆಯಲು ಬಂದರೆ, “ಒದ್ದೆ ಬಟ್ಟೆ ಹಾಕು, ಬರ್ತೀನಿ” ಎಂದು ಕಳಿಸಿದ್ದು. ಅವಳು ಅತ್ತೆಯ ಮನೆಗೆ ಓಡಿದ್ದು. ಅತ್ತೆ ಮಗುವನ್ನು ಹೊತ್ತು, ಬರುವ ಲಾರಿಗೆ ಅಡ್ಡ ನಿಂತು ಆಸ್ಪತ್ರೆ ಸೇರಿಸಿದ್ದು, ಜ್ವರ ಇಳಿಯುವವರೆಗೂ ನೆಲದ ಮೇಲೆ ಕೂತದ್ದು. ಆ ಭಾನುವಾರ ನಾನು ಫೋನ್ ಮಾಡಿದಾಗ ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, “ಹೇಲಾಲ ಬರ್ತ್‌ಡೇ ಊಟಕ್ಕೆ ಹೋಗಿದಾಳೆ.”

ಮಗು ಮನೆಗೆ ಬಂದ ಮರುದಿನ ನೀನು ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತೆಯಂತೆ. ಅಕ್ಕ ಇರುವ ಕೋಣೆಗೆ ತಮ್ಮ ಕಾಲಿಡುವಂತಿಲ್ಲವಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ಅಳುತ್ತಿದ್ದೆಯಂತೆ. “ನನ್ನ ಕೈಲಾಗಲ್ಲ ಅಕ್ಕ, ನೀನೇ ಇಟ್ಕೋ” ಎಂದೆಯಂತೆ. ಅಲ್ಲಿಗೆ ನಿಲ್ಲಿಸಿದ್ದರೆ ನಿನ್ನನ್ನು ಮನುಷ್ಯ ಎನ್ನಬಹುದಿತ್ತು. ಕೈಲಾಗದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಅಕ್ಕ, “ಕಲೋಲೈನೆ ಏನಂತಾಳೆ?” ಎಂದು ಕೇಳಿದರು. ಕೇಳಿದ್ದರು ಇಸಿಲೆಲಿ, ಆ ಹೆಂಗಸು ಕೇಳಿದ್ದರು! ನೀನೇನಂದೆ? “ಅವಳಿಗೆ ಹೇಳಿದೀನಿ, ಒಪ್ಪಿದಾಳೆ. ಅಕ್ಕನ ಹತ್ರ ಇದ್ರೆ ನಂಗಿಲ್ಲಿ ನಿಶ್ಚಿಂತೆ ಅಂದ್ಲು.”

ನಾನಾಡದ ಮಾತನ್ನು ನನ್ನ ಬಾಯಿಗೆ ತುರುಕಿ ನೀನು ನನ್ನ ಮಗಳನ್ನು ಕೊಟ್ಟೆ.

ನಾನು ಹಾಗೆ ಅಂದೇ ಇಲ್ಲ ಎಂದಾಗ ನಿನ್ನಕ್ಕನ ಮುಖ ನೋಡಬೇಕಿತ್ತು. ನಾನು ನನ್ನದೊಂದೇ ಗಾಯ ಎಂದುಕೊಂಡಿದ್ದೆ. “ನನ್ನ ತಮ್ಮ ನನ್ನ ಮನೆ ಮೆಟ್ಲ ಮೇಲೆ ಕೂತು ನಂಗೆ ಸುಳ್ಳು ಹೇಳಿದ್ನಾ?” ಎಂದರು. ಎರಡು ಸಲ ಅದನ್ನೇ ಕೇಳಿದರು. ನಿಮ್ಮ ತಂದೆ ಸತ್ತ ಮೇಲೆ ನೀನು ಅವರ ಮುಂದೆ ತಲೆ ಎತ್ತಿ ಮಾತಾಡಿದವನಲ್ಲ. ಅವರು ಅದನ್ನು ಗೌರವ ಎಂದುಕೊಂಡಿದ್ದರು, ಪಾಪ. ಕೊಡತಿಯನ್ನು ಎತ್ತಿ ದಿಮ್ಮಿಗೆ ಒಂದು ಬಿಟ್ಟರು ನೋಡು, ತೊಗಟೆ ಹರಿದೇ ಹೋಯಿತು.

ಸರಿ, ಇನ್ನೇನು ಮಗುವನ್ನು ಕರೆದು ನನ್ನ ಕೈಗಿಡುತ್ತಾರೆ ಎಂದುಕೊಂಡೆ. ಇಲ್ಲ.

“ಕೊಡಲ್ಲ” ಎಂದರು. “ಸುಳ್ಳು ಅವನದು. ಮಗು ಸುಳ್ಳಲ್ಲ. ಇವತ್ತು ಎತ್ಕೊಂಡ್ ಹೋದ್ರೆ ಅವಳು ನಿನ್ನ ಮನೇಲಿ ಯಾರಿಗೋಸ್ಕರ ಅಳ್ತಾಳೆ ಅಂತ ನಿಂಗೆ ಗೊತ್ತು.”

“ಒಂದು ವರ್ಷದ ಹಿಂದೆ ನಂಗೋಸ್ಕರ ಅತ್ಲು ಅಕ್ಕ. ಆಗ ನಾನು ಹೋಗೋದನ್ನ ಯಾರೂ ನಿಲ್ಲಿಸ್ಲಿಲ್ಲ.”

“ಅದಕ್ಕೇ ಹೇಳ್ತಿರೋದು. ಇನ್ನೊಂದು ಸಲ ಯಾಕೆ?” ಎಂದರು. ಆಮೇಲೆ ಹರಿದ ತೊಗಟೆಯನ್ನು ಸುತ್ತುತ್ತ, ನನ್ನ ಕಡೆ ನೋಡದೆ ಹೇಳಿದರು, “ನನ್ನ ಮನೆಗೆ ಬಾಗಿಲಿದೆ, ಬೀಗ ಇಲ್ಲ. ಬಂದಿರು. ಮಾಲಿಯಾನೂ ಕರ್ಕೊಂಡ್ ಬಾ.”

ನನಗೆ ಬಂದ ಸಿಟ್ಟನ್ನು ಹೇಳಲಾರೆ. ನನ್ನ ಮಗಳ ಪಕ್ಕ ಚಾಪೆ ಹಾಸಿಕೊಳ್ಳಲು ಇನ್ನೊಬ್ಬರು ಅಪ್ಪಣೆ ಕೊಡುವುದು! ಎದ್ದು ಬಂದೆ. ಇಡೀ ಮಧ್ಯಾಹ್ನ ಹೊಸ ತಗಡಿನ ಕೆಳಗೆ ಕೂತೆ. ಕಾದು ಕಾವಲಿಯಾಗಿತ್ತು. ಈ ತಗಡಿಗೋಸ್ಕರ ತಾನೇ ಹೋದದ್ದು ಎಂದುಕೊಂಡೆ. ಸಂಜೆಗೆ ಎರಡು ಚಾಪೆ, ದೊಡ್ಡ ಪಾತ್ರೆ, ಮಾಲಿಯಾಳ ಪುಸ್ತಕಗಳನ್ನು ಕೈಗಾಡಿಗೆ ಹಾಕಿ ನಿನ್ನ ಮನೆಗೆ ಬೀಗ ಜಡಿದೆ. ಅಮ್ಮ ದಾರಿಯಲ್ಲೇ ಅಡ್ಡಗಟ್ಟಿದಳು, “ಗಂಡನ ಮನೆ ಬಿಟ್ಟು ಗಂಡನ ಅಕ್ಕನ ಮನೆ ಸೇರೋದು ಯಾವ ದೇಶದ ಪದ್ಧತಿಯೇ?” “ನೌರುದ್ದು” ಎಂದೆ. ನಂಬಿದಳು. ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಎಲ್ಲ ಸುಖವಾಯಿತು ಎಂದು ಓದಿಕೊಳ್ಳಬೇಡ. ಮೊದಲ ಬೆಳಿಗ್ಗೆ ಹೇಲಾಲ ಎದ್ದು ಕೂತು, “ಟೀಚರ್, ನೀವು ನಿಮ್ಮನೆಗೆ ಯಾವಾಗ ಹೋಗ್ತೀರಿ?” ಎಂದು ಕೇಳಿದಳು. ಎಷ್ಟು ಮರ್ಯಾದೆ ಕಲಿತಿದ್ದಾಳೆ ನೋಡು, ಹೆತ್ತವಳಿಗೆ ಬಹುವಚನ. “ಹೋಗಲ್ಲ” ಎಂದೆ. ಯೋಚಿಸಿದಳು. ದಿಂಬನ್ನು ಎಳೆದು ನಡುವೆ ಇಟ್ಟು, “ಹಂಗಾದ್ರೆ ಈ ಕಡೆ ನಂದು, ಆ ಕಡೆ ನಿಮ್ದು” ಎಂದಳು. ಗಡಿ ಇನ್ನೂ ಅಲ್ಲೇ ಇದೆ. ನಿದ್ದೆಯಲ್ಲಿ ಅವಳ ಕಾಲು ಈಚೆ ಬರುತ್ತದೆ, ಎಚ್ಚರವಾದಾಗ ಎಳೆದುಕೊಳ್ಳುತ್ತಾಳೆ.

ಅಕ್ಕನಿಗೂ ನನಗೂ ದಿನಕ್ಕೊಂದು ಜಗಳ. ಚರ್ಚಿಗೆ ಹೊರಡುವಾಗ ಜಡೆ ಹಾಕುವವರು ಯಾರು ಎಂದು ಮೊನ್ನೆ ಬಾಚಣಿಗೆ ಎಳೆದಾಡಿದೆವು. ಕೊನೆಗೆ ಎಡದ ಜಡೆ ಅವರದು, ಬಲದ್ದು ನನ್ನದು ಎಂದಾಯಿತು. ಅವರದು ಬಿಗಿ, ನನ್ನದು ಸಡಿಲ. ಮಗು ಸೊಟ್ಟ ಜಡೆಗಳಲ್ಲಿ ಚರ್ಚಿಗೆ ಬಂತು. ಪಾದ್ರಿಗಳು ಈ ಸಲ ದಾನದ ಬಗ್ಗೆ ಮಾತಾಡಲಿಲ್ಲ.

ಇಷ್ಟು ಓದಿದ ಮೇಲೆ ನೀನು ಅಳುತ್ತೀಯ, ನನಗೆ ಗೊತ್ತು. ಅಳುವುದು ನಿನಗೆ ಸುಲಭ, ಒಮ್ಮೆ ಅತ್ತು ಒಂದು ಮಗುವನ್ನೇ ಇಳಿಸಿಕೊಂಡವನು ನೀನು. ಫೊಲಾವು ಕೈಯಲ್ಲಿ ಕ್ಷಮಾಪಣೆ ಕಳಿಸಬೇಡ, ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ನಿನಗೆ ಭಯವಾಗಿತ್ತು ಎನ್ನಬಹುದು. ಮಗು ಸತ್ತೇ ಹೋದೀತು ಎಂದು, ನಾನು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಭಯ. ಆಗಸ್ಟಿನಲ್ಲೇ ನನಗೆ ಫೋನಿನಲ್ಲಿ ಅದನ್ನು ಹೇಳಿದ್ದರೆ, “ಕಲೋಲೈನೆ, ನನ್ನಿಂದ ಆಗ್ತಿಲ್ಲ, ಬಾ” ಎಂದಿದ್ದರೆ, ಕೂಗಾಡುತ್ತಿದ್ದೆ, ಬೈಯುತ್ತಿದ್ದೆ, ಮುಂದಿನ ವಿಮಾನಕ್ಕೆ ಬಂದು ಇಳಿಯುತ್ತಿದ್ದೆ. ಅರ್ಧ ತಗಡಿನ ಮನೆಯಲ್ಲಿ ನಾಲ್ವರೂ ಇರುತ್ತಿದ್ದೆವು.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ನೀನು ಬಂದಾಗ ಅದೇ ಚರ್ಚಿನಲ್ಲಿ, ಅದೇ ಜನರ ಮುಂದೆ ಎದ್ದು ನಿಂತು, ನನ್ನ ಹೆಂಡತಿ ಒಪ್ಪಿರಲಿಲ್ಲ, ನನ್ನಕ್ಕ ಕೇಳಿರಲಿಲ್ಲ, ಇಬ್ಬರ ಹೆಸರಲ್ಲೂ ಸುಳ್ಳು ಹೇಳಿದವನು ನಾನು ಎಂದು ಹೇಳು. ಯಾರಾದರೂ ಹಾಡು ಎತ್ತಿದರೆ ಮುಗಿಯುವವರೆಗೆ ಕಾದು, ಮತ್ತೆ ಹೇಳು.

ಮಾಲಿಯಾಳ ತಾಯಿ, ಹೇಲಾಲಳ ತಾಯಿ,
ಕಲೋಲೈನೆ

ಮರೆತು ಕೊನೆಗೆ ಬರೆದೆ ಎಂದುಕೊಳ್ಳಬೇಡ, ಬೇಕೆಂದೇ ಕೊನೆಗಿಟ್ಟಿದ್ದೆ: ನೌರುವಿನ ಶಾಲೆಯವರು ಇನ್ನೊಂದು ವರ್ಷಕ್ಕೆ ಕರೆದಿದ್ದಾರೆ. ಬರುತ್ತೇನೆ ಎಂದಿದ್ದೇನೆ. ಈ ಸಲ ಮಕ್ಕಳಿಬ್ಬರೂ ನನ್ನ ಜೊತೆ. ನಾನು ಶಾಲೆಗೆ ಹೋದಾಗ ಮನೆಯಲ್ಲಿ ಒಬ್ಬರು ಬೇಕಲ್ಲ, ಅಕ್ಕನನ್ನು ಕೇಳಿದೆ. ಒಂದಿಡೀ ದಿನ ತೊಗಟೆ ಬಡಿದರು. ಆಮೇಲೆ, “ಅಲ್ಲಿ ನಮ್ಮ ಭಾಷೇಲಿ ಹಾಡೋ ಚರ್ಚಿದ್ಯಾ?” ಎಂದರು. ಇಲ್ಲ ಎಂದೆ. “ಸರಿ ಬಿಡು, ನಾವು ನಾಲ್ಕು ಜನ ಇದೀವಲ್ಲ, ನಾಲ್ಕು ಶ್ರುತಿಗೆ ಸಾಕು” ಎಂದು ಪೆಟ್ಟಿಗೆ ಇಳಿಸಿದರು. ಮುಂದಿನ ವಾರ ಹೊರಡುತ್ತೇವೆ. ಜೂನಿನಲ್ಲಿ ನೀನು ಹಡಗಿನಿಂದ ಇಳಿದಾಗ ಧಕ್ಕೆಯಲ್ಲಿ ಯಾರೂ ಇರುವುದಿಲ್ಲ. ಹೆಂಡತಿ ಮಕ್ಕಳೆಲ್ಲಿ ಎಂದು ಊರವರು ಕೇಳಿದರೆ, ಅಕ್ಕನಿಗೆ ಕೊಟ್ಟುಬಿಟ್ಟೆ ಅನ್ನು. ಈ ಸಲ ನಿಜ ಹೇಳಿದಂತಾಗುತ್ತದೆ.